ಲೈಸೆನ್ಸ್ ಕೊಟ್ಟರೆ ಎಲ್ಲ ಸರಿಹೋಗುತ್ತಾ?

"ಲೈಂಗಿಕ ವೃತ್ತಿಗೆ ಲೈಸೆನ್ಸ್ ಕೊಟ್ಟುಬಿಡಿ. ಹೆಸರು ಬರೆಸಿಕೊಳ್ಳಿ, ಆಗಾಗ ಡಾಕ್ಟರ್ ಹತ್ತಿರ ಕಳಿಸಿ. ಎಲ್ಲ ಸರಿಹೋಗುತ್ತದೆ." ಕೋರ್ಟ್ ಕ್ಯಾಂಟೀನಿನಲ್ಲಿ ಜೊತೆಯ ವಕೀಲರೇ ಈ ಮಾತು ಹೇಳುತ್ತಾರೆ. ಈ ದಾರಿಯಲ್ಲಿ ಜರ್ಮನಿ ಆಗಲೇ ನಡೆದು ನೋಡಿದೆ.

ಅಲ್ಲಿ 2002ರ ಕಾನೂನು ಇದನ್ನೂ ಒಂದು ಕೆಲಸ ಎಂದು ಒಪ್ಪಿತು. ಗಿರಾಕಿ ದುಡ್ಡು ಕೊಡದಿದ್ದರೆ ಕೋರ್ಟಿಗೆ ಹೋಗಬಹುದು, ವಿಮೆ, ಪಿಂಚಣಿಯನ್ನೂ ಪಡೆಯಬಹುದು ಎಂದಿತು. 2017ರಲ್ಲಿ ಇನ್ನೊಂದು ಕಾನೂನು ಬಂತು. ಹೆಸರು ನೋಂದಾಯಿಸಲೇಬೇಕು, ಆರೋಗ್ಯ ಸಲಹೆಗೆ ಹೋಗಲೇಬೇಕು, ಕಾಂಡೋಮ್ ಕಡ್ಡಾಯ. 2019ರ ಕೊನೆಗೆ ನೋಂದಾಯಿಸಿದ್ದವರು ಸುಮಾರು 40 ಸಾವಿರ ಜನ. ಈ ಕೆಲಸದಲ್ಲಿರುವವರು 2ರಿಂದ 4 ಲಕ್ಷ ಎಂಬುದು ಅಲ್ಲಿ ಸಾಮಾನ್ಯವಾಗಿ ಹೇಳುತ್ತಿದ್ದ ಅಂದಾಜು. ಪಕ್ಕಾ ಲೆಕ್ಕ ಯಾರ ಬಳಿಯೂ ಇಲ್ಲ, ನಿಜ. ಆದರೂ ಅಂತರ ಸಣ್ಣದಲ್ಲ, ಅಲ್ವಾ?

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮನೆಯವರಿಗೆ, ಬಾಡಿಗೆ ಮನೆಯ ಓನರ್‌ಗೆ ಗೊತ್ತಾಗಬಾರದು ಎಂದು ಬದುಕುವವಳು ಸರ್ಕಾರಿ ಕಚೇರಿಯಲ್ಲಿ ಹೆಸರು ಬರೆಸುತ್ತಾಳಾ? ನೋಂದಣಿ ಕಾಗದ ಇಲ್ಲದವಳನ್ನು ಗಿರಾಕಿ ಹೊಡೆದರೂ ಅವಳು ಠಾಣೆ ಹತ್ತುವುದಿಲ್ಲ. ತಪ್ಪಿತಸ್ಥೆಯಾಗಿ ತಾನೇ ಸಿಕ್ಕಿಬೀಳುವ ಭಯ.

ನ್ಯೂಜಿಲೆಂಡ್ ಬೇರೆ ದಾರಿ ಹಿಡಿಯಿತು. 2003ರಲ್ಲಿ ಅಲ್ಲಿನ ಸಂಸತ್ತು ಈ ಕೆಲಸವನ್ನು ಅಪರಾಧದ ಪಟ್ಟಿಯಿಂದ ತೆಗೆಯುವ ಮಸೂದೆಯನ್ನು 60-59 ಮತಗಳಿಂದ ಪಾಸು ಮಾಡಿತು. ಒಂದೇ ಒಂದು ಮತದ ಅಂತರ! ಹಿಂದೆ ಇದೇ ಕೆಲಸ ಮಾಡಿದ್ದ ಟ್ರಾನ್ಸ್‌ಜೆಂಡರ್ ಸಂಸದೆ ಜಾರ್ಜಿನಾ ಬೇಯರ್ ಅಂದು ಅದರ ಪರ ಮಾತಾಡಿದ್ದರು. ಅಲ್ಲಿ ಲೈಸೆನ್ಸ್ ಬೇಕಾದದ್ದು ವೇಶ್ಯಾಗೃಹ ನಡೆಸುವ ಮಾಲೀಕರಿಗೆ, ಕೆಲಸ ಮಾಡುವವಳಿಗಲ್ಲ. ನಾಲ್ಕು ಜನರವರೆಗೆ ತಾವೇ ಸೇರಿ ಒಂದೇ ಮನೆಯಲ್ಲಿ ದುಡಿದರೆ ಅದೂ ಬೇಡ. ಮೊದಲು ಒಪ್ಪಿದ್ದರೂ ಆಮೇಲೆ ಗಿರಾಕಿಗೆ 'ಬೇಡ' ಎನ್ನುವ ಹಕ್ಕು ಕಾನೂನಿನಲ್ಲೇ ಇದೆ. 2014ರಲ್ಲಿ ಅಲ್ಲಿನ ಮಾನವ ಹಕ್ಕುಗಳ ನ್ಯಾಯಮಂಡಳಿ, ಮಾಲೀಕನ ಲೈಂಗಿಕ ಕಿರುಕುಳಕ್ಕೆ ಒಬ್ಬ ಲೈಂಗಿಕ ಕಾರ್ಯಕರ್ತೆಗೆ 25 ಸಾವಿರ ಡಾಲರ್ ಪರಿಹಾರ ಕೊಡಿಸಿತು. ಕಾನೂನು ಬದಲಾದರೆ ಈ ಕೆಲಸಕ್ಕೆ ಬರುವವರು ಜಾಸ್ತಿಯಾಗುತ್ತಾರೆ ಎಂಬ ಭಯವಿತ್ತು. 2008ರ ಅಧಿಕೃತ ಪರಿಶೀಲನೆಯಲ್ಲಿ ಹಾಗೇನೂ ಕಂಡಿಲ್ಲ. ಹಾಗಂತ ಕಳಂಕ ಹೋಗಿಲ್ಲ. ತಾತ್ಕಾಲಿಕ ವೀಸಾದಲ್ಲಿ ಬಂದವರಿಗೆ ಈ ಕೆಲಸ ಇವತ್ತಿಗೂ ನಿಷಿದ್ಧ, ಅವರ ಪಾಡು ಜರ್ಮನಿಯ ಕಾಗದವಿಲ್ಲದವರದ್ದೇ.

ಈಗ ನಮ್ಮ 'ಪೀಟಾ ಕೇಸ್'ಗೆ ಬರೋಣ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ, ಅಂದರೆ ಈ 'ಪೀಟಾ', ನಮ್ಮಲ್ಲಿ ವೃತ್ತಿಯನ್ನೇ ಅಪರಾಧ ಎನ್ನುವುದಿಲ್ಲ, ಅದರ ಸುತ್ತಲಿನ ಎಲ್ಲವನ್ನೂ ಹಿಡಿಯುತ್ತದೆ. ಇಬ್ಬರು ಹೆಂಗಸರು ಸುರಕ್ಷತೆಗೆಂದು ಒಂದೇ ಕೋಣೆಯಲ್ಲಿ ದುಡಿದರೆ ಅದು 'ವೇಶ್ಯಾಗೃಹ'. ಅವಳ ಸಂಪಾದನೆಯಲ್ಲಿ ಬದುಕುವುದು 4ನೇ ಸೆಕ್ಷನ್‌ನಲ್ಲಿ ಅಪರಾಧ. ಅಂದರೆ ಅಮ್ಮ ಫೀಸು ಕಟ್ಟುವ ಹುಡುಗನಿಗೆ ಹದಿನೆಂಟು ತುಂಬಿದ ಮೇಲೆ ಅವನೂ ಆರೋಪಿಯಾಗಬಹುದು. ದಾರಿಯಲ್ಲಿ ಗಿರಾಕಿಯನ್ನು ಕರೆದರೆ ಹೆಂಗಸಿಗೆ ಆರು ತಿಂಗಳವರೆಗೆ ಜೈಲು, ಅದೇ ಅಪರಾಧಕ್ಕೆ ಗಂಡಸಿಗೆ ಗರಿಷ್ಠ ಮೂರು ತಿಂಗಳು! ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

2022ರ ಮೇ ತಿಂಗಳಲ್ಲಿ ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶವನ್ನು ಕೆಲವರು 'ವೃತ್ತಿ ಕಾನೂನುಬದ್ಧವಾಯಿತು' ಎಂದೇ ಓದಿದರು. ಹಾಗೇನಿಲ್ಲ. ಪೊಲೀಸರು ಮರ್ಯಾದೆಯಿಂದ ನಡೆಸಿಕೊಳ್ಳಬೇಕು, ರೇಡ್ ಸುದ್ದಿಯಲ್ಲಿ ಗುರುತು ಬಯಲಾಗಬಾರದು, ಕಾಂಡೋಮ್ ಸಿಕ್ಕಿದ್ದನ್ನು ಅಪರಾಧದ ಸಾಕ್ಷಿ ಮಾಡಬಾರದು, ಆಧಾರ್ ಸಿಗಬೇಕು. ಇವು ದೊಡ್ಡ ವಿಷಯಗಳೇ, ಆದರೆ ಕಾಯ್ದೆಯ ಸೆಕ್ಷನ್‌ಗಳು ಇದ್ದ ಹಾಗೇ ಇವೆ.

"ಬಡತನ ತಳ್ಳಿದ್ದನ್ನು ಕೆಲಸ ಅಂತ ಕರೆಯಬೇಕಾ?" ಎಂದು ಕೇಳುವವರಿದ್ದಾರೆ. ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಉತ್ತರ ಕರ್ನಾಟಕದ ದೇವದಾಸಿ ಪದ್ಧತಿ 1982ರ ಕಾಯ್ದೆಯಿಂದ ನಿಷೇಧವಾಯಿತು. ಅಲ್ಲಿ ಮುತ್ತು ಕಟ್ಟಿಸಿಕೊಂಡ ದಲಿತ ಹುಡುಗಿಯರನ್ನು ಯಾರೂ ಇಷ್ಟವೇನು ಎಂದು ಕೇಳಿರಲಿಲ್ಲ. ಅವರಿಗೆ ಬೇಕಾದದ್ದು ಜಮೀನು, ಮನೆ, ಮಕ್ಕಳಿಗೆ ಓದು. ಇವನ್ನು ಲೈಸೆನ್ಸೂ ಕೊಡುವುದಿಲ್ಲ, ರೇಡೂ ಕೊಡುವುದಿಲ್ಲ.

ನನ್ನನ್ನು ಕೇಳಿದರೆ ಮೊದಲು ವೇಶ್ಯಾಗೃಹದ ವ್ಯಾಖ್ಯೆ ತಿದ್ದಬೇಕು, ಇಬ್ಬರು ಮೂವರು ತಾವೇ ಸೇರಿ ಇರುವುದನ್ನು ಅದರಿಂದ ಹೊರಗಿಡಬೇಕು. 4ನೇ ಸೆಕ್ಷನ್‌ನಿಂದ ಮಕ್ಕಳನ್ನೂ ವಯಸ್ಸಾದ ತಂದೆತಾಯಿಯನ್ನೂ ಬಿಡಬೇಕು. ಬಲವಂತ ಮಾಡುವವರಿಗೆ, ಮಕ್ಕಳನ್ನು ಮಾರುವವರಿಗೆ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಇದ್ದೇ ಇದೆ, ಅದನ್ನು ಬಿಗಿಯಾಗಿ ಬಳಸಲಿ. ನೋಂದಣಿ ಪುಸ್ತಕದ ಮಾತು ಆಮೇಲೂ ಆಡಬಹುದು.