ಲೈಟ್ ಉರಿಯುತ್ತದೆ, ಕಾರು ಮಾತ್ರ ಸ್ಟಾರ್ಟ್ ಆಗುವುದಿಲ್ಲ: ಯಾಕೆ?

ಪ್ರಶ್ನೆ: ಸರ್, ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಟಕ್ ಟಕ್ ಎನ್ನುತ್ತದೆ, ಎಂಜಿನ್ ತಿರುಗುವುದಿಲ್ಲ. ಹೆಡ್‌ಲೈಟ್ ಉರಿಯುತ್ತದೆ, ಹಾರ್ನ್ ಕೂಗುತ್ತದೆ, ಆದ್ದರಿಂದ ವೈರಿಂಗ್ ಸರಿಯಿದೆ. ಈಗ ಬದಲಿಸಬೇಕಾದದ್ದು ಬ್ಯಾಟರಿಯನ್ನೋ ಸ್ಟಾರ್ಟರ್ ಮೋಟಾರನ್ನೋ?

ಸದ್ಯಕ್ಕೆ ಎರಡನ್ನೂ ಬದಲಿಸಬೇಡಿ. ಬಾನೆಟ್ ಎತ್ತಿ ಬ್ಯಾಟರಿಯ ಟರ್ಮಿನಲ್‌ಗಳನ್ನು, ಅಂದರೆ ಕೇಬಲ್‌ಗಳ ಕ್ಲಾಂಪು ಕಚ್ಚಿಕೊಂಡಿರುವ ಎರಡು ಕಂಬಗಳನ್ನು, ನೋಡಿ. ಮಳೆಗಾಲ ಹಿಡಿದೊಡನೆ ಈ ಪ್ರಶ್ನೆ ಬರತೊಡಗುತ್ತದೆ. ಕಾರವಾರ, ಮಲ್ಪೆ, ಉಳ್ಳಾಲದಂಥ ಉಪ್ಪುಗಾಳಿಯ ಊರುಗಳಿಂದ ಇನ್ನಷ್ಟು. ನಾನು ಪ್ರತಿ ವರ್ಷವೂ ಇದೇ ಉತ್ತರ ಬರೆಯುತ್ತೇನೆ, ಆ ಹೊತ್ತಿಗೆ ಯಾರೋ ಒಬ್ಬರು ಹೊಸ ಬ್ಯಾಟರಿ ಕೊಂಡಾಗಿರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ದಾರಿ ತಪ್ಪಿಸುತ್ತಿರುವುದು ‘ಆದ್ದರಿಂದ’ ಎಂಬ ಒಂದೇ ಪದ. ಲೈಟ್ ಉರಿದರೆ ಸಂಪರ್ಕ ಸರಿಯಿದೆ ಎಂಬ ನಂಬಿಕೆಯನ್ನು ಅನುಭವಸ್ಥ ಚಾಲಕರ ಬಾಯಲ್ಲೂ ಕೇಳಿದ್ದೇನೆ. ದಯವಿಟ್ಟು ಈ ಸಣ್ಣ ಲೆಕ್ಕವನ್ನು ನೋಡಿ. ಎರಡು ಹೆಡ್‌ಲೈಟ್‌ಗಳು ತಲಾ 55–60 ವ್ಯಾಟ್ ಎಂದರೆ, ಒಟ್ಟು ಸುಮಾರು 10 ಆಂಪಿಯರ್ ಎಳೆಯುತ್ತವೆ. ಟರ್ಮಿನಲ್‌ನ ಕಿಲುಬು 0.05 ಓಮ್ ತಡೆ ಒಡ್ಡುತ್ತಿದೆ ಎಂದುಕೊಳ್ಳಿ. ಅಲ್ಲಿ ನಷ್ಟವಾಗುವುದು ಅರ್ಧ ವೋಲ್ಟ್. ಹನ್ನೆರಡರಲ್ಲಿ ಅರ್ಧ ಕಡಿಮೆಯಾದರೆ ನಿಮ್ಮ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಸ್ಟಾರ್ಟರ್ ಮೋಟಾರ್ ಹಾಗಲ್ಲ, ಅದಕ್ಕೆ 150 ಆಂಪಿಯರ್ ಬೇಕಾಗಬಹುದು. ಡೀಸೆಲ್ ಗಾಡಿಯಾದರೆ ಇನ್ನೂ ಹೆಚ್ಚು. ಅದೇ 0.05 ಓಮ್ ದಾಟಿ 150 ಆಂಪಿಯರ್ ಹರಿಯಬೇಕಾದರೆ ಏಳೂವರೆ ವೋಲ್ಟ್ ಆ ಕಿಲುಬಿಗೇ ಬಲಿಯಾಗಬೇಕು. ಮೋಟಾರಿಗೆ ಉಳಿಯುವ ಐದು ವೋಲ್ಟ್‌ನಲ್ಲಿ ಅದು ಅಷ್ಟು ಕರೆಂಟ್ ಎಳೆಯಲಾರದು, ಎಂಜಿನ್ನನ್ನು ತಿರುಗಿಸಲಾರದು. ಪಾಚಿ ಕಟ್ಟಿದ ಪೈಪಿನಿಂದ ಒಂದು ಚೊಂಬು ನೀರು ಹಿಡಿಯಬಹುದು, ಅಡಿಕೆ ತೋಟಕ್ಕೆ ನೀರು ಬಿಡಲಾಗುವುದಿಲ್ಲ.

ಟಕ್ ಟಕ್ ಶಬ್ದದ ಗುಟ್ಟೂ ಇಲ್ಲೇ ಇದೆ. ಕೀ ತಿರುಗಿಸಿದಾಗ ಸೊಲೆನಾಯ್ಡ್, ಅಂದರೆ ಮೋಟಾರಿಗೆ ಕರೆಂಟ್ ಬಿಡುವ ವಿದ್ಯುತ್ಕಾಂತದ ಸ್ವಿಚ್, ಎಳೆದುಕೊಳ್ಳುತ್ತದೆ. ಅದಕ್ಕೆ ಹೆಚ್ಚು ಕರೆಂಟ್ ಬೇಡ. ಮೋಟಾರಿಗೆ ದಾರಿ ತೆರೆದ ಕ್ಷಣವೇ ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಕೈಬಿಡುತ್ತದೆ. ಕೈಬಿಟ್ಟೊಡನೆ ವೋಲ್ಟೇಜ್ ಚೇತರಿಸಿಕೊಂಡು ಮತ್ತೆ ಎಳೆಯುತ್ತದೆ. ಬ್ಯಾಟರಿ ಇಳಿದಿದ್ದರೂ ಇದೇ ಶಬ್ದ ಬರುವುದರಿಂದ ಕಿವಿಯನ್ನು ನಂಬಬೇಡಿ, ಮೀಟರನ್ನು ನಂಬಿ.

ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಅದರಲ್ಲಿ ಚಾರ್ಜ್ ಇದೆ ಎಂದರ್ಥ. 12.2ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ. ಆಮೇಲಿನ ಪರೀಕ್ಷೆಯೇ ಮುಖ್ಯ, ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಕಂಬದ ಮೇಲೆಯೇ ಇಡಿ, ಇನ್ನೊಂದನ್ನು ಅದಕ್ಕೆ ಕಚ್ಚಿಕೊಂಡಿರುವ ಕ್ಲಾಂಪಿನ ಮೇಲೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮನೆಯವರೊಬ್ಬರಿಗೆ ಕೀ ತಿರುಗಿಸಲು ಹೇಳಿ. ಒಂದಕ್ಕೊಂದು ಅಂಟಿಕೊಂಡಿರುವ ಎರಡು ಲೋಹಗಳ ನಡುವೆ ವೋಲ್ಟೇಜ್ ಇರಲೇಬಾರದು. ಅಲ್ಲಿ ಅರ್ಧ ವೋಲ್ಟ್ ಕಂಡರೂ ಕಳ್ಳ ಸಿಕ್ಕಿಬಿದ್ದ. ನನ್ನ ವಿದ್ಯಾರ್ಥಿಗಳು ಮೊದಲ ಸಲ ಈ ಅಂಕಿ ಜಿಗಿಯುವುದನ್ನು ಕಂಡಾಗ ಅವರ ಮುಖ ಅರಳುತ್ತದೆ. ಪಾಠ ಹೇಳುವವನಿಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ. ಎರಡು ಕಂಬಗಳೂ ಸರಿಯಿದ್ದರೆ ನೆಗೆಟಿವ್ ಕಂಬದಿಂದ ಎಂಜಿನ್ನಿನ ಬರಿಯ ಲೋಹದವರೆಗೆ ಇದೇ ಪರೀಕ್ಷೆ ಮಾಡಿ. ಎಂಜಿನ್ನಿಗೂ ಬಾಡಿಗೂ ನಡುವೆ ಇರುವ ಅರ್ತ್ ಪಟ್ಟಿ ಕೆಸರಿನಲ್ಲಿ ತುಕ್ಕು ಹಿಡಿದಿರುವುದು ಸಾಮಾನ್ಯ.

ಶುಚಿ ಮಾಡುವುದು ಕಷ್ಟವಲ್ಲ. ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ; ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಆಗ ಕಿಡಿ ಹಾರುವುದಿಲ್ಲ. ಅಡುಗೆ ಸೋಡಾ ಬೆರೆಸಿದ ನೀರು ಆಮ್ಲವನ್ನು ಶಮನಗೊಳಿಸುತ್ತದೆ, ಆದರೆ ಅದು ಬ್ಯಾಟರಿಯ ಮುಚ್ಚಳದೊಳಗೆ ಇಳಿಯಬಾರದು. ಕಣ್ಣಿಗೆ ಕನ್ನಡಕವಿರಲಿ. ಮೇಲೆ ಕಾಣುವ ಬಿಳಿ ಅಥವಾ ನೀಲಿ ಹಿಟ್ಟನ್ನು ಬಿಸಿನೀರಿನಿಂದ ತೊಳೆದು ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ತಡೆ ಇರುವುದು ಕಂಬಕ್ಕೂ ಕ್ಲಾಂಪಿಗೂ ನಡುವಿನ ಕಪ್ಪು ಪೊರೆಯಲ್ಲಿ. ಉಪ್ಪುಕಾಗದದಿಂದ ಎರಡೂ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಆಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ.

ಉಜ್ಜುವಾಗ ಒಂದು ಸಂಗತಿ ನಿಮ್ಮ ಕಣ್ಣಿಗೆ ಬೀಳಬೇಕು, ಆದರೂ ಇದನ್ನು ಯಾರೂ ಕೇಳುವುದಿಲ್ಲ: ಎರಡು ಕಂಬಗಳು ಒಂದೇ ದಪ್ಪ ಯಾಕಿಲ್ಲ? ಪಾಸಿಟಿವ್ ಕಂಬವು ನೆಗೆಟಿವ್‌ಗಿಂತ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ. ಕ್ಲಾಂಪುಗಳು ಅದಲುಬದಲಾಗದಿರಲಿ ಎಂದು ಹಾಗೆ ಮಾಡಿದ್ದಾರೆ. ಇದಲ್ಲದೆ ಕಂಬಗಳಲ್ಲೇ ದಪ್ಪ, ತೆಳು ಎಂಬ ಎರಡು ಬಗೆಗಳಿವೆ; ಜಪಾನ್ ಮೂಲದ ವಿನ್ಯಾಸದ ಅನೇಕ ಸಣ್ಣ ಕಾರುಗಳದ್ದು ತೆಳು. ದಪ್ಪ ಕಂಬದ ಕ್ಲಾಂಪಿಗೆ ತೆಳು ಕಂಬದ ಬ್ಯಾಟರಿ ತಂದು ಕೂರಿಸಿ, ಸಡಿಲವಾಯಿತೆಂದು ಮೊಳೆಯನ್ನೋ ತಾಮ್ರದ ತಂತಿಯನ್ನೋ ತುರುಕಿದ ಕಾರುಗಳನ್ನು ಎಷ್ಟೋ ಕಂಡಿದ್ದೇನೆ. ಆ ಮೊಳೆ ತಾಗುವುದು ಎರಡು ಗೆರೆಯಷ್ಟು ಜಾಗದಲ್ಲಿ ಮಾತ್ರ, ಉಳಿದ ಸಂದಿಯಲ್ಲಿ ಆಮ್ಲದ ಹಬೆ ಕೂರುತ್ತದೆ, ಮುಂದಿನ ಮಳೆಗಾಲಕ್ಕೆ ಮತ್ತೆ ಟಕ್ ಟಕ್. ಬ್ಯಾಟರಿ ಕೊಳ್ಳಲು ಹೋಗುವಾಗ ಹಳೆಯದನ್ನೂ ಜೊತೆಯಲ್ಲಿ ಒಯ್ದು, ಕಂಬಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿಯೇ ಹಣ ಕೊಡಿ.