ರೋಟರಿ ಎಂಜಿನ್ನಿಗೆ ಗೇರು: ಪೂರ್ತಿ ವೇಗವಲ್ಲ, ಐಡ್ಲಿಂಗೇ ಪರೀಕ್ಷೆ

ಮಜ್ದಾ ಕಾರಿನ 13ಬಿ ರೋಟರಿ ಎಂಜಿನ್ನು ತನ್ನ ತಾಕತ್ತು ತೋರಿಸುವುದು ಆರು ಸಾವಿರ ಆರ್‌ಪಿಎಂ ಆಸುಪಾಸಿನಿಂದ ಮೇಲೆ. ಚಿಕ್ಕ ವಿಮಾನದ ಪ್ರೊಪೆಲ್ಲರಿಗೆ ಆ ವೇಗ ಒಗ್ಗುವುದಿಲ್ಲ. 72 ಅಂಗುಲದ ಪ್ರೊಪೆಲ್ಲರನ್ನು ನೇರವಾಗಿ ಆ ಶಾಫ್ಟಿಗೆ ಕಟ್ಟಿ 6000ಕ್ಕೆ ತಿರುಗಿಸಿದರೆ ಅದರ ತುದಿ ಸೆಕೆಂಡಿಗೆ 575 ಮೀಟರ್ ಓಡಬೇಕಾಗುತ್ತದೆ. ಶಬ್ದದ ವೇಗವೇ ಸುಮಾರು 340. ತುದಿ ಅದರ ಹತ್ತಿರಕ್ಕೆ ಹೋದರೂ ಸಾಕು, ಗದ್ದಲ ಏರುತ್ತದೆ, ಎಳೆತ ಕುಸಿಯುತ್ತದೆ. ಹಾಗಾಗಿ ನಡುವೆ ಗೇರು ಬೇಕೇ ಬೇಕು. 2.85ಕ್ಕೆ 1 ಇಟ್ಟರೆ ಪ್ರೊಪೆಲ್ಲರು 2100ರ ಸುತ್ತಮುತ್ತ ತಿರುಗುತ್ತದೆ, ತುದಿಯ ವೇಗ 200 ಮೀಟರಿಗೆ ಇಳಿಯುತ್ತದೆ.

(ಮೊದಲ ಮಹಾಯುದ್ಧದ ಕಾಲದಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರಿನ ಜೊತೆ ಗಿರಗಿರ ಸುತ್ತುತ್ತಿದ್ದ ಎಂಜಿನ್ನುಗಳನ್ನೂ ರೋಟರಿ ಅಂತಲೇ ಕರೆಯುತ್ತಿದ್ದರು. ಜರ್ಮನಿಯ ಸೀಮೆನ್ಸ್-ಹಾಲ್ಸ್ಕೆ ಕಂಪನಿ ಅದಕ್ಕೂ ಗೇರು ಹಾಕಿ, ಕ್ರ್ಯಾಂಕನ್ನು ಒಂದು ದಿಕ್ಕಿಗೆ, ಸಿಲಿಂಡರುಗಳನ್ನು ಎದುರು ದಿಕ್ಕಿಗೆ ತಿರುಗಿಸಿತ್ತು. ನಾನು ಹೇಳುತ್ತಿರುವುದು ಅದಲ್ಲ, ತ್ರಿಕೋನದ ರೋಟರಿರುವ ವಾಂಕೆಲ್ ಎಂಜಿನ್ನಿನ ವಿಷಯ.)

ಮೈಸೂರಿನ ಹೂಟಗಳ್ಳಿಯ ನಮ್ಮ ಶೆಡ್ಡಿಗೆ ಬರುವ ಎಂಜಿನಿಯರಿಂಗ್ ಹುಡುಗರ ಲೆಕ್ಕ ಇಲ್ಲಿಗೇ ಮುಗಿದಿರುತ್ತದೆ. "ಸರ್, 160 ಎಚ್‌ಪಿ, 2.85 ರೇಶಿಯೋ. ಗೇರು ಮಾಡಿಕೊಡಿ." ಏನ್ರಪ್ಪಾ, ಎಂಜಿನ್ನಿಗೂ ಗೇರಿಗೂ ನಡುವೆ ಏನು ಹಾಕ್ತೀರಿ ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ನನ್ನ ಅನ್ನದ ಕೆಲಸ ಮಂಡ್ಯ ಕಡೆಯ ಕಬ್ಬಿನ ಗಾಣಗಳ ಗೇರ್‌ಬಾಕ್ಸು. ಆಲೆಮನೆಯ ಗಾಣದಲ್ಲಿ ಭಾರ ಯಾವಾಗಲೂ ಒಂದೇ ದಿಕ್ಕಿಗೆ. ರೋಲರು ಕಬ್ಬನ್ನು ಒತ್ತುತ್ತಿರುತ್ತದೆ, ಹಲ್ಲಿನ ಒಂದು ಮುಖ ಮಾತ್ರ ದುಡಿಯುತ್ತದೆ. ಒಂದೇ ಸಲ ಕಂತೆಗಟ್ಟಲೆ ತುರುಕದಿದ್ದರೆ ಆ ಗೇರಿಗೆ ಸಾವಿಲ್ಲ. ವಿಮಾನದ ಕಥೆ ಬೇರೆ. 160 ಎಚ್‌ಪಿ, 6000 ಆರ್‌ಪಿಎಂ ಅಂದರೆ ಶಾಫ್ಟಿನಲ್ಲಿ 190 ನ್ಯೂಟನ್ ಮೀಟರ್ ಟಾರ್ಕು, ಅಂದರೆ ತಿರುಚುವ ಬಲ. ಗೇರಿನವರಿಗೆ ಇದು ದೊಡ್ಡ ಭಾರವೇನಲ್ಲ. ಇಎನ್-353 ಉಕ್ಕಿನಲ್ಲಿ ಹಲ್ಲು ಕಡಿದು, ಕೇಸ್ ಹಾರ್ಡನಿಂಗ್ (ಮೈಯನ್ನಷ್ಟೇ ಗಡುಸಾಗಿಸುವುದು) ಮಾಡಿಸಿ, ಗಡಸುತನ ರಾಕ್‌ವೆಲ್ 58 ದಾಟಿಸಿ, ಗ್ರೈಂಡ್ ಮಾಡಿದರೆ ಆರಾಮಾಗಿ ಹೊರುತ್ತದೆ. ಆದರೆ ಆ 190 ಬರೀ ಸರಾಸರಿ.

ಎರಡು ರೋಟರಿನ ಎಂಜಿನ್ನು ಶಾಫ್ಟಿನ ಒಂದು ಸುತ್ತಿಗೆ ಎರಡು ಸಲ ನೂಕುತ್ತದೆ. ಒಂದು ಕಡೆ ಫ್ಲೈವೀಲು, ಇನ್ನೊಂದು ಕಡೆ ಭಾರದ ಪ್ರೊಪೆಲ್ಲರು, ನಡುವೆ ಸ್ಪ್ರಿಂಗಿನ ಹಾಗೆ ತಿರುಚಿಕೊಳ್ಳುವ ಶಾಫ್ಟು. ಈ ಜೋಡಿಗೆ ತನ್ನದೇ ಒಂದು ಕಂಪನವೇಗವಿದೆ. ಪ್ರೊಪೆಲ್ಲರಿನ ಜಡತ್ವವನ್ನು 0.8 ಕಿಲೋ-ಚದರ ಮೀಟರ್ ಅಂತ ಹಿಡಿಯಿರಿ. ಗೇರಿನ ಈಚೆಯಿಂದ ನೋಡಿದರೆ ಅದನ್ನು 2.85ರ ವರ್ಗದಿಂದ ಭಾಗಿಸಬೇಕು, 0.1 ಉಳಿಯುತ್ತದೆ. ಎಂಜಿನ್ನಿನ ಕಡೆಯೂ ಅಷ್ಟೇ ಇದೆ ಅಂತಿಟ್ಟುಕೊಳ್ಳಿ. ನಡುವೆ ಗಟ್ಟಿ ಸ್ಪ್ಲೈನ್ ಶಾಫ್ಟು (ಮೈಮೇಲೆ ಉದ್ದ ಹಲ್ಲುಗಳಿರುವುದು) ಕೂರಿಸಿ, ಅದರ ಬಿಗುವು ರೇಡಿಯನ್ನಿಗೆ 20,000 ನ್ಯೂಟನ್ ಮೀಟರ್ ಬಂದರೆ, ಕಂಪನ ಸೆಕೆಂಡಿಗೆ ನೂರು. ಎಂಜಿನ್ನು ಸೆಕೆಂಡಿಗೆ ನೂರು ಸಲ ನೂಕುವುದು ಎಷ್ಟಕ್ಕೆ? ಸರಿಯಾಗಿ 3000 ಆರ್‌ಪಿಎಂಗೆ. ನೆಲದ ಮೇಲೆ ಓಡಾಡಿಸುವಾಗಲೂ ಇಳಿಸುವಾಗಲೂ ಎಂಜಿನ್ನು ನಿಲ್ಲುವ, ಹಾದುಹೋಗುವ ವೇಗವೇ ಅದು. ನೂಕೂ ಕಂಪನವೂ ಹೀಗೆ ಕೂಡಿದರೆ ತಿರುಚಾಟ ಏರುತ್ತಲೇ ಹೋಗುತ್ತದೆ.

ಇದಕ್ಕೆ ಮದ್ದು ಕಾರಿನ ಕ್ಲಚ್ ಪ್ಲೇಟಿನಲ್ಲೇ ಇದೆ. ಅದರ ನಡುವಿನ ನಾಲ್ಕಾರು ಸುರುಳಿ ಸ್ಪ್ರಿಂಗುಗಳು ಡಿಗ್ರಿಗೆ ಸುಮಾರು 20 ನ್ಯೂಟನ್ ಮೀಟರಿನಂತೆ ಬಾಗುವಂಥದ್ದನ್ನು ಆರಿಸಿದರೆ, ಕಂಪನ ಸೆಕೆಂಡಿಗೆ 24ಕ್ಕೆ ಇಳಿಯುತ್ತದೆ. ಅದು ಬರುವುದು 720 ಆರ್‌ಪಿಎಂನಲ್ಲಿ, ಸ್ಟಾರ್ಟ್ ಮಾಡುವಾಗ ಒಂದು ಗಳಿಗೆ ನಡುಗಿಸಿ ಹೋಗುತ್ತದೆ. ಪೂರ್ತಿ ಟಾರ್ಕಿಗೂ ಪ್ಲೇಟು ಹತ್ತು ಡಿಗ್ರಿಯೊಳಗೇ ತಿರುಚಿಕೊಳ್ಳುತ್ತದೆ. ರಬ್ಬರ್ ಕಪ್ಲಿಂಗೂ ಆಗುತ್ತದೆ, ಆದರೆ ಎಕ್ಸಾಸ್ಟಿನ ಪಕ್ಕದಲ್ಲಿ ಕೂತ ರಬ್ಬರನ್ನು ನಾನು ನಂಬುವುದಿಲ್ಲ.

ಇಲ್ಲೊಂದು ಮರಿತೊಡಕಿದೆ. ಒಂದು ರೋಟರಿನ ಪ್ಲಗ್ಗುಗಳು ಮಸಿ ಹಿಡಿದು ಅದು ಉರಿಯದೇ ಹೋಯಿತು ಅನ್ನಿ. ಆಗ ಸುತ್ತಿಗೆ ಎರಡಲ್ಲ, ಒಂದೇ ನೂಕು. ಅದೇ 24ರ ಕಂಪನ ಈಗ 1440 ಆರ್‌ಪಿಎಂಗೆ ಬಂದು ಕೂರುತ್ತದೆ. ಐಡ್ಲಿಂಗನ್ನು (ಥ್ರಾಟಲ್ ಮುಚ್ಚಿದಾಗಿನ ಕನಿಷ್ಠ ವೇಗವನ್ನು) 1400ಕ್ಕೆ ಇಟ್ಟವರ ಗೇರ್‌ಬಾಕ್ಸು ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಮಾಡುತ್ತದೆ. 1800ಕ್ಕೆ ಇಡಿ. ಸದ್ದು ಬಂದರೆ ಥ್ರಾಟಲ್ ಇಳಿಸಬೇಡಿ; ಏರಿಸಿ, ಇಲ್ಲವೇ ಆರಿಸಿ.

ಗಟ್ಟಿ ಶಾಫ್ಟು ಹಾಕಿಕೊಂಡು ಟ್ರಾಲಿಯ ಮೇಲೆ ಓಡಿಸಿದ್ದ ಒಂದು ಸೆಟ್ಟನ್ನು ಬಿಚ್ಚಿ ನೋಡಿದ್ದೇನೆ. ಎಳೆಯುವ ಮುಖ ಮಂಕು ಬೂದು, ಎಲ್ಲ ಹಲ್ಲಿನಲ್ಲೂ ಒಂದೇ ಸಮ, ಹೊಸದರಂತೆ. ಹಿಂಬದಿಯ ಮುಖ, ಅಂದರೆ ಕೆಲಸವೇ ಇರಬಾರದ ಕಡೆ, ಕನ್ನಡಿಯಂತೆ ಮಿರುಗುವ ಪಟ್ಟಿ, ಅದರ ಅಂಚಿನಲ್ಲಿ ಉಗುರಿಗೆ ತಾಕುವ ಸಣ್ಣ ಕುಳಿಗಳು. ಐಡ್ಲಿಂಗಿನಲ್ಲಿ ಸರಾಸರಿ ಟಾರ್ಕು ಕಡಿಮೆ. ಪ್ರತಿ ನೂಕಿನ ನಡುವೆ ಪ್ರೊಪೆಲ್ಲರೇ ಎಂಜಿನ್ನನ್ನು ಎಳೆಯುತ್ತದೆ, ಹಲ್ಲು ಬಿಟ್ಟು ಹಿಂದಕ್ಕೆ ಬಡಿಯುತ್ತದೆ. ಬಡಿತವೇ ಆ ಗುರುತು. ಪೂರ್ತಿ ವೇಗದಲ್ಲಿ ಆ ಗೇರಿಗೆ ಏನೂ ಆಗಿರಲಿಲ್ಲ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಎರಡು ಗೇರಿನ ಸಾದಾ ಜೋಡಿ ಹಾಕಿದರೆ ಪ್ರೊಪೆಲ್ಲರು ಎದುರು ದಿಕ್ಕಿಗೆ ತಿರುಗುತ್ತದೆ, ಎಡಗೈ ಪ್ರೊಪೆಲ್ಲರು ಹುಡುಕಬೇಕು. ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸಿನಲ್ಲಿರುವಂಥ ಪ್ಲಾನೆಟರಿ ಸೆಟ್ಟಿನಲ್ಲಿ (ನಡುವೆ ಒಂದು ಗೇರು, ಸುತ್ತ ಚಿಕ್ಕ ಗೇರುಗಳು, ಹೊರಗೆ ಹಲ್ಲಿನ ರಿಂಗು) ರಿಂಗನ್ನು ಕಟ್ಟಿಹಾಕಿ ನಡುವಿನ ಗೇರಿಗೆ ಚಾಲನೆ ಕೊಟ್ಟರೆ ದಿಕ್ಕೂ ಉಳಿಯುತ್ತದೆ, ಎಂಜಿನ್ನಿನ ಶಾಫ್ಟೂ ಪ್ರೊಪೆಲ್ಲರೂ ಒಂದೇ ನೇರದಲ್ಲಿ ಉಳಿಯುತ್ತವೆ. ನನ್ನ ಓಟು ಅದಕ್ಕೆ. ಗೇರು ನೂರಕ್ಕೆ ಎರಡು ಪಾಲು ನುಂಗಿದರೂ 2.4 ಕಿಲೋವ್ಯಾಟ್ ಶಾಖ, ಅದನ್ನು ಎಣ್ಣೆಯೇ ಹೊರಬೇಕು. ರೋಟರನ್ನು ತಂಪಾಗಿಡುವುದೂ ಎಣ್ಣೆಯೇ ಆದ್ದರಿಂದ ಕೂಲರು ದೊಡ್ಡದಿರಲಿ. ಮುಂದಿನ ಬೇರಿಂಗಿಗೆ ಬರೀ ಎಳೆತದ ಲೆಕ್ಕ ಹಾಕಬೇಡಿ. ವಿಮಾನ ಸೆಕೆಂಡಿಗೆ ಒಂದು ರೇಡಿಯನ್ ಮೂತಿ ತಿರುಗಿಸಿದರೆ ಮೇಲೆ ಹಿಡಿದ ಪ್ರೊಪೆಲ್ಲರು ಶಾಫ್ಟನ್ನು ಸುಮಾರು 175 ನ್ಯೂಟನ್ ಮೀಟರಿನಷ್ಟು ಬಗ್ಗಿಸುತ್ತದೆ.

ಹಾರಿಸುವ ಮಾತು ವಿಮಾನಯಾನದ ಸರ್ಕಾರಿ ಸಂಸ್ಥೆ ಡಿಜಿಸಿಎಯ ಅನುಮತಿಯ ನಂತರ. ಅಲ್ಲಿಯವರೆಗೆ ಟ್ರಾಲಿಯನ್ನು ನೆಲಕ್ಕೆ ಬಿಗಿದು ಓಡಿಸಿ, ಪ್ರೊಪೆಲ್ಲರಿನ ನೇರದಲ್ಲಿ ಯಾರನ್ನೂ ನಿಲ್ಲಿಸಬೇಡಿ. ಎಣ್ಣೆ ಬಸಿಯುವ ಪ್ಲಗ್ಗಿಗೆ ಮ್ಯಾಗ್ನೆಟ್ ಹಾಕಿಸಿ. ಮೊದಲ ಓಟಗಳಲ್ಲಿ ಮೆತ್ತನೆ ಬೂದು ಕೆಸರು ಅಂಟಿದರೆ ಹೆದರಬೇಕಿಲ್ಲ, ಒರೆಸಿ ಮುಂದುವರಿಸಿ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಆವತ್ತೇ ಬಿಚ್ಚಿ, ಮೊದಲು ಹಲ್ಲಿನ ಹಿಂಬದಿ ನೋಡಿ.