ಕ್ರಿಸ್ಮಸ್ ತಾತ ನಿಜಾನಾ ಅಂತ ಮಗು ಕೇಳಿದರೆ

ಡಿಸೆಂಬರ್ ಕೊನೆಗೆ ಕುಂಬಳೆ ಕಡೆಯ ಒಬ್ಬ ತಾಯಿ ಏಳು ವರ್ಷದ ಮಗನನ್ನು ನನ್ನ ಹತ್ತಿರ ಕರೆದುಕೊಂಡು ಬಂದರು. ಶಾಲೆಗೆ ಬಂದ ಕ್ರಿಸ್ಮಸ್ ತಾತನ ಕೆಂಪು ಅಂಗಿಯ ಕೆಳಗೆ ಹುಡುಗನಿಗೆ ಒಂದು ಜೊತೆ ಚಪ್ಪಲಿ ಕಂಡಿತ್ತು. ಎಡಗಾಲಿನದಕ್ಕೆ ನೀಲಿ ದಾರದ ಹೊಲಿಗೆ. ದಿನಾ ವ್ಯಾನ್ ಹತ್ತುವಾಗ ನೋಡುವ ಚಪ್ಪಲಿ, ಡ್ರೈವರ್ ಮಾಮನದು. ಮನೆಗೆ ಬಂದು ಕೇಳಿದ್ದಾನೆ. "ಅಲ್ಲ, ಅದು ನಿಜವಾದ ತಾತನೇ" ಅಂದರು ಅಮ್ಮ. ಮತ್ತೆ ಕೇಳಿದ, ಮತ್ತೆ ಅದೇ ಉತ್ತರ. ಮೂರನೇ ಸಲಕ್ಕೆ, ಹೀಗೆಲ್ಲ ಕೇಳುವ ಮಕ್ಕಳಿಗೆ ತಾತ ಏನೂ ತರುವುದಿಲ್ಲ ಅಂತ ಬಾಯಿ ಮುಚ್ಚಿಸಿದರಂತೆ. ಅಲ್ಲಿಂದ ಆಚೆಗೆ ಅಮ್ಮ ಏನು ಹೇಳಿದರೂ ಅವನದು ಒಂದೇ ಪ್ರಶ್ನೆ: "ನಿಜಾನಾ?"

ಹಾಗಾದರೆ ತಾತನ ಕಥೆ ಹೇಳಲೇಬಾರದಾ? ಹೇಳಿ, ಧಾರಾಳವಾಗಿ ಹೇಳಿ. ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲ್ಪನೆಯೇ ಆಟ. ಅಮೆರಿಕದಲ್ಲಿ ಆಂಡರ್ಸನ್ ಮತ್ತು ಪ್ರೆಂಟಿಸ್ ಎಂಬ ಸಂಶೋಧಕರು ತಾತನನ್ನು ನಂಬುವುದು ಬಿಟ್ಟಿದ್ದ 52 ಮಕ್ಕಳನ್ನು ಮಾತಾಡಿಸಿ 1994ರಲ್ಲಿ ಬರೆದದ್ದು ನನಗೆ ಯಾವಾಗಲೂ ನೆನಪಾಗುತ್ತದೆ. ಹೆಚ್ಚಿನ ಮಕ್ಕಳು ಸುಮಾರು ಏಳನೇ ವಯಸ್ಸಿಗೆ ತಾವಾಗಿಯೇ ಸತ್ಯ ಕಂಡುಕೊಂಡಿದ್ದರು, ಅದರಿಂದ ಖುಷಿಯನ್ನೂ ಪಟ್ಟಿದ್ದರು. ಬೇಜಾರಾದದ್ದು ಅಪ್ಪ ಅಮ್ಮಂದಿರಿಗೆ! ನನ್ನ ಅನುಭವವೂ ಅದೇ. ಮಗುವಿಗೆ ಪೆಟ್ಟಾಗುವುದು ಕಥೆಯಿಂದ ಅಲ್ಲ, ತಾನೇ ಕಣ್ಣಾರೆ ಕಂಡದ್ದನ್ನು ಮನೆಯವರು ಸುಳ್ಳು ಅಂದಾಗ.

ನಮ್ಮ ತುಳುನಾಡಿನ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ಮನೆಮನೆಗೆ ಕಳೆಂಜ ಎಂಬ ಜನಪದ ವೇಷ ಬರುವುದನ್ನು ನೋಡಿ. ತೆಂಗಿನ ತಿರಿಯ (ಎಳೆಗರಿಯ) ಉಡುಗೆ, ಕಾಲಿಗೆ ಗಲಗಲ ಅನ್ನುವ ಗಗ್ಗರ, ಕೈಯಲ್ಲಿ ಓಲೆಯ ಕೊಡೆ. ಜಡಿಮಳೆಯಲ್ಲಿ ಅವನು ಅಂಗಳಕ್ಕೆ ಕಾಲಿಟ್ಟರೆ ಮಕ್ಕಳು ಅಜ್ಜಿಯ ಸೆರಗಿನ ಹಿಂದೆ. ವೇಷ ಕಟ್ಟಿದವರು ಯಾರು ಅಂತ ಮಕ್ಕಳಿಗೂ ಗೊತ್ತು, ಯಾರೂ ಅದನ್ನು ಮುಚ್ಚಿಡುವುದಿಲ್ಲ. ಹಾಗಂತ ಮೈ ಜುಂ ಅನ್ನುವುದು ಒಂಚೂರೂ ಕಡಿಮೆಯಾಗುವುದಿಲ್ಲ, ಅಲ್ವಾ? (ಮನೆಯ ದೊಡ್ಡವರೇ ನಂಬಿ ನಡೆಸುವ ದೇವರು, ದೈವದ ವಿಷಯ ಬೇರೆ. ನಾನು ಹೇಳುತ್ತಿರುವುದು ನಾವೇ ನಂಬದೆ ಮಕ್ಕಳನ್ನು ನಂಬಿಸುವುದರ ಬಗ್ಗೆ.)

ಮಗು ಕೇಳಿದ ಕೂಡಲೇ ಪಾಠ ಶುರು ಮಾಡಬೇಡಿ. "ನಿನಗೇನು ಅನಿಸುತ್ತದೆ?" ಅಂತ ತಿರುಗಿ ಕೇಳಿ. ಇನ್ನೂ ಆಟ ಬೇಕಾಗಿರುವ ಮಗು "ಅವನು ಇದ್ದಾನೆ" ಅಂತ ಓಡುತ್ತದೆ, ಬಿಡಿ. ಚಪ್ಪಲಿ ಗುರುತು ಹಿಡಿದು ಬಂದ ಮಗುವಿಗೆ ಮಾತ್ರ ನಿಜವೇ ಬೇಕು. "ಹೌದು, ಸರಿಯಾಗಿ ನೋಡಿದ್ದೀಯ" ಅನ್ನಿ. ಇನ್ನೊಂದು, ತಾತನನ್ನಾಗಲಿ ಗುಮ್ಮನನ್ನಾಗಲಿ ಹೆದರಿಸಲು ಬಳಸಲೇಬೇಡಿ. ಊಟ ಮಾಡಿಸುವುದಕ್ಕೂ ಬೇಡ.

ಆ ತಾಯಿ ಅವತ್ತೇ ನನ್ನ ಎದುರು ಮಗನಿಗೆ ಹೇಳಿದರು, "ನೀನು ಹೇಳಿದ್ದೇ ಸರಿ ಮಗಾ, ನಾನು ಸುಳ್ಳು ಹೇಳಿದೆ." ಅವನು ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತು, "ತಂಗಿಗೆ ಈಗಲೇ ಹೇಳುವುದು ಬೇಡ" ಅಂದ. ಮುಂದೆ ಓಣಕ್ಕೆ ಮಾವೇಲಿಯ, ಅಂದರೆ ಬಲಿ ಚಕ್ರವರ್ತಿಯ ವೇಷ ಬಂದಾಗ ಓಲೆಕೊಡೆ ಹಿಡಿದದ್ದು ಅವನೇ ಅಂತೆ.